ಸೀತಾಫಲದ ಗುಡ್ಡದಲ್ಲಿ ಹಕ್ಕಿಗಳು ಸುಮ್ಮನಾದಾಗ

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹಕ್ಕಿ ನೋಡುವ ಚಟ ಹತ್ತಿದ್ದು ಕೆಲಸಕ್ಕೆ ಸೇರಿದ ಮೇಲೆ. ರಜೆ ಸಿಕ್ಕರೆ ಬೆಳಿಗ್ಗೆಯೇ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ, ಊರಾಚೆಯ ಬಂಡೆಗುಡ್ಡಗಳಲ್ಲಿ ದುರ್ಬೀನು ಹಿಡಿದು ಅಲೆಯುತ್ತಿದ್ದೆ.

ಬೇಸಿಗೆಯಲ್ಲಿ ಆ ಗುಡ್ಡ ಏನನ್ನೂ ಮುಚ್ಚಿಡುವುದಿಲ್ಲ. ಕುರುಚಲು ಮರಗಳ ಎಲೆಯೆಲ್ಲ ಉದುರಿ, ಎಷ್ಟೋ ದೂರದ ಕಾಜಾಣದ ಸೀಳುಬಾಲವೂ ಕಾಣುತ್ತದೆ. ಆದರೆ ನೋಡಲು ಹಕ್ಕಿಗಳೇ ಕಡಿಮೆ. ಇದ್ದಬದ್ದವೆಲ್ಲ ಬಂಡೆಗಳ ನಡುವಿನ ಕೊಳ್ಳದಲ್ಲಿ, ಸ್ವಲ್ಪ ತಂಪು ಉಳಿದಿರುವ ಅತ್ತಿಮರಗಳಲ್ಲಿ ಸೇರಿಕೊಂಡಿರುತ್ತವೆ. ಮಳೆ ಬಿದ್ದಮೇಲೆ ಕತೆಯೇ ಬೇರೆ. ಚಿಗುರಿಗೆ ಹುಳು, ಹುಳುವಿಗೆ ಹಕ್ಕಿ. ಗುಡ್ಡವೆಲ್ಲ ಕೂಗು, ಜಗಳ, ಗೂಡು. ಆಗ ಕಿವಿಗೆ ಹಬ್ಬ, ಕಣ್ಣಿಗೆ ಮಾತ್ರ ಎಲೆಯ ಗೋಡೆ. ಆ ಗೋಡೆಯ ಹಿಂದೆ ಹಕ್ಕಿಯಲ್ಲದೆ ಬೇರೇನಾದರೂ ಇರಬಹುದು ಎಂದು ನಾನು ಯೋಚಿಸಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹೊಡೆದಿತ್ತು. ಸಿರುಗುಪ್ಪದ ಕಡೆಯ ಕರೂರಿಗೆ ಕೊಟ್ಟಿದ್ದ ನನ್ನ ಅಕ್ಕ, ಭತ್ತದ ನಾಟಿ ಮುಗಿಸಿ ನಾಲ್ಕು ದಿನ ನನ್ನ ಮನೆಗೆ ಬಂದಿದ್ದಳು. ನಾನು ಕುರುಗೋಡಿಗೆ ಹೊರಟಿದ್ದು ಕಂಡು ತಾನೂ ಚಪ್ಪಲಿ ಮೆಟ್ಟಿಕೊಂಡಳು.

"ಒಬ್ಬಾಕೀನ ಗುಡ್ಡ ಹತ್ತಬ್ಯಾಡ. ನಾನೂ ಬರ್ತೀನಿ. ಹಕ್ಕಿ ನಿಂಗ, ಸೀತಾಫಲ ನಂಗ," ಎಂದಳು. ಗುಡ್ಡದ ತುಂಬ ತಾನಾಗಿಯೇ ಬೆಳೆದ ಸೀತಾಫಲದ ಗಿಡಗಳಿದ್ದವು. ಕಾಯಿ ಕಣ್ಣು ಬಿಟ್ಟು ಹಣ್ಣಾಗುವ ಕಾಲ ಅದು.

ಆಡುಗಳು ಹೋಗುವ ಕಾಲುದಾರಿ ಹಿಡಿದು ಕೊಳ್ಳದವರೆಗೆ ಏರಿದೆವು. ಹರಟೆಮಲ್ಲ ಹಕ್ಕಿಗಳ ದಂಡು ಒಣ ಎಲೆ ಕೆದಕುತ್ತ ಗಲಾಟೆ ಮಾಡುತ್ತಿತ್ತು. ನನಗೆ ಬೇಕಿದ್ದದ್ದು ಹಳದಿ ಕೊರಳಿನ ಪಿಕಳಾರ. ಊರಲ್ಲಿ, ಹೊಲದಲ್ಲಿ ಸಿಗುವ ಪಿಕಳಾರವಲ್ಲ ಅದು. ಇಂಥ ಬಂಡೆಗುಡ್ಡ ಬಿಟ್ಟು ಕೆಳಗಿಳಿಯುವುದಿಲ್ಲ. ಅದನ್ನು ಹುಡುಕುತ್ತ ನಾನು ಒಂದು ದೊಡ್ಡ ಬಂಡೆ ಹತ್ತಿ ಕೂತೆ. ಅಕ್ಕ ಕೆಳಗೆ, ಗಿಡಗಳ ನಡುವೆ, ಏನೋ ಗುನುಗುತ್ತ ಚೀಲ ತುಂಬುತ್ತಿದ್ದಳು.

ಇದ್ದಕ್ಕಿದ್ದಂತೆ ಹರಟೆಮಲ್ಲಗಳು ಕಿರುಚಿಕೊಂಡು ಮೇಲಿನ ಟೊಂಗೆಗಳಿಗೆ ಹಾರಿದವು. ಹಾವಿರಬೇಕು ಅಂದುಕೊಂಡೆ. ಆಮೇಲೆ ಒಂದೊಂದಾಗಿ ಎಲ್ಲ ಹಕ್ಕಿಗಳೂ ಸುಮ್ಮನಾದವು. ಅಷ್ಟು ಹಕ್ಕಿಗಳಿದ್ದ ಜಾಗದಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಆ ಮೌನದಲ್ಲಿ, ಅಕ್ಕನ ಆಚೆಯ ಪೊದೆಯಿಂದ, ಯಾರೋ ಬಿಸಿ ಚಹ ಸೊರ್ರನೆ ಹೀರಿದಂಥ ಸದ್ದು ಬಂತು. ಪೊದೆ ಅಲುಗಾಡಿತು. ಕರಡಿ ಹುತ್ತದಿಂದ ಗೆದ್ದಲು ಹೀರುವ ಸದ್ದಿನ ಬಗ್ಗೆ ನಾನೇ ಕ್ಲಾಸಿನಲ್ಲಿ ಹೇಳಿದ್ದೆ. ಕೇಳಿದ್ದು ಅವತ್ತೇ.

ಕೂಗಿದರೆ ಅದಕ್ಕೂ ಕೇಳುತ್ತದೆ. ಕೂಗದಿದ್ದರೆ ಅಕ್ಕ ಅದರ ಮೈಮೇಲೇ ಹೋಗುತ್ತಾಳೆ. ಅವಳು ನನ್ನತ್ತ ನೋಡಲೆಂದು ಒಂದು ಸಣ್ಣ ಕಲ್ಲು ಉರುಳಿಸಿದೆ.

ಅಕ್ಕ ತಲೆಯೆತ್ತಿ ಗಟ್ಟಿಯಾಗಿ ಕೇಳಿಯೇಬಿಟ್ಟಳು: "ಏನಲೇ, ಸಿಕ್ತೇನು ನಿನ್ನ ಹಕ್ಕಿ?"

ಹೀರುವ ಸದ್ದು ನಿಂತಿತು. ಪೊದೆ ಸರಿದು ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತು. ಎದೆಯ ಬಿಳಿ ಗುರುತು, ಬಾಗಿದ ಉಗುರು, ಹಿಂದೆ ಹುಲ್ಲಿನಲ್ಲಿ ಎರಡು ಮರಿ. ಅಕ್ಕನಿಗೂ ಅದಕ್ಕೂ ನಡುವೆ ಒಂದು ಸೀತಾಫಲದ ಗಿಡ ಅಷ್ಟೇ.

"ಅಕ್ಕಾ, ಓಡಬ್ಯಾಡ," ಎಂದೆ. ದನಿ ನನ್ನದೇ ಅನ್ನಿಸಲಿಲ್ಲ. "ಚೀಲ ಅಲ್ಲೇ ಬಿಡು. ಹಂಗ ಹಿಂದಕ್ಕ ಸರೀತಾ ಬಾ."

"ಕಾಲು ಬರವಲ್ವಲೇ," ಎಂದಳು ಅಕ್ಕ, ಪಿಸುಗುಡುತ್ತ.

"ಬರ್ತಾವ. ಬಾ."

ಬಂದಳು. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅವಳ ಬೆನ್ನು ಬಂಡೆಗೆ ತಾಗಿದಾಗ ರಟ್ಟೆ ಹಿಡಿದು ಮೇಲಕ್ಕೆಳೆದೆ. ಮೊಣಕಾಲು ತರಚಿ, ಸೀರೆ ಹರಿಯಿತು. ಕರಡಿ ನಾಲ್ಕು ಕಾಲಿಗಿಳಿದು ಒಮ್ಮೆ ಗುರ್ರೆಂದು ಮುಂದಕ್ಕೆ ನುಗ್ಗಿ, ಚೀಲದ ಹತ್ತಿರ ನಿಂತುಬಿಟ್ಟಿತು. ಚೀಲ ಸೀಳಿತು. ಮರಿಗಳೂ ಬಂದವು. ಅಕ್ಕ ಕೂಡಿಟ್ಟ ಹಣ್ಣನ್ನು ತಾಯಿ ಮಕ್ಕಳು ನಮ್ಮ ಕಣ್ಣೆದುರೇ ತಿಂದರು. ಕರಡಿ ಬಂಡೆ ಹತ್ತಬಲ್ಲದು ಎಂಬುದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತೋ ಏನೋ, ನನ್ನ ಕೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಕೊನೆಗೆ ಎದುರಿನ ಇಳಿಜಾರಿನಿಂದ ಕುರಿ ಕಾಯುವವನೊಬ್ಬನ ಕೂಗು ಕೇಳಿತು.

"ಯಾರ್ರೀ ಅಲ್ಲಿ? ಕೆಳಗ ಇಳೀಬ್ಯಾಡ್ರಿ! ಮರಿ ಅದಾವು!"

ಅವನ ನಾಯಿಗಳು ಬೊಗಳಿದವು. ಕರಡಿ ಮೂತಿಯೆತ್ತಿ ಗಾಳಿ ಮೂಸಿ ನೋಡಿತು. ಮರಿಗಳು ಅದರ ಬೆನ್ನೇರಿದವು. ಅವಸರವಿಲ್ಲದೆ ಅದು ಕೊಳ್ಳದೊಳಕ್ಕೆ ಇಳಿದುಹೋಯಿತು.

ಅದು ಹೋದಮೇಲೂ ನಾವು ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಹಕ್ಕಿ ಬಾಯಿಬಿಟ್ಟಿತು. ಪಕ್ಕದ ಬಂಡೆಯ ಸಂದಿನ ಗಿಡದಲ್ಲೇ ಕೂತಿತ್ತು, ಕೊರಳು ಅರಿಶಿನ ಬಳಿದಂತೆ. ನಾನು ದುರ್ಬೀನು ಎತ್ತಲಿಲ್ಲ.

ಇಳಿಯುವಾಗ ಒಂದೊಂದು ಪೊದೆಯೂ ಉಸಿರಾಡುತ್ತಿದೆ ಅನ್ನಿಸಿತು. ಕುರಿಯವನು ದಾರಿಯವರೆಗೆ ಜೊತೆಗೆ ಬಂದ. "ಹಣ್ಣಿನ ಟೈಮಿನ್ಯಾಗ ಈ ಕಡಿ ಬರಬಾರದ್ರೀ ಅವ್ವಾರ," ಎಂದ, ಬೈಯುವ ದನಿಯಲ್ಲೇನೂ ಅಲ್ಲ. ಬಸ್ಸಿನಲ್ಲಿ ಅಕ್ಕ ಬಳ್ಳಾರಿ ಬರುವವರೆಗೆ ಅತ್ತಳು. ನನಗೆ ಅಳು ಬಂದದ್ದು ಮರುದಿನ, ತರಗತಿಯ ಹೊರಗೆ ಗುಬ್ಬಿಗಳು ಒಮ್ಮೆಲೇ ಸುಮ್ಮನಾದಾಗ.

ಚಳಿಗಾಲದಲ್ಲಿ ಅಕ್ಕ ಫೋನು ಮಾಡಿ ಕರೂರಿಗೆ ಕರೆದಳು. "ಇಲ್ಲಿಗೆ ಬಾರಲೇ. ಗದ್ದಿ ಬಯಲೈತಿ, ಬರೋದೆಲ್ಲ ದೂರದಿಂದ ಕಾಣ್ತೈತಿ." ಹೋದೆ. ಬೆಳ್ಳಕ್ಕಿ, ಗೀಜಗ, ದೂರದೇಶದಿಂದ ಬಂದ ಗುಲಾಬಿ ಕಬ್ಬಕ್ಕಿಗಳ ದಂಡು, ಎಲ್ಲ ನೋಡಿದೆ. ಬದುವಿನ ಮೇಲೆ ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಇಬ್ಬರೂ ನಡುನಡುವೆ ಹಿಂತಿರುಗಿ ನೋಡುತ್ತಿದ್ದೆವು.

ಕುರುಗೋಡಿಗೆ ಈಗಲೂ ಹೋಗುತ್ತೇನೆ. ಬೇಸಿಗೆಯಲ್ಲಿ ಕೊಳ್ಳದ ಬಾಯಿಯವರೆಗೆ, ಅದೂ ಜೊತೆಗೆ ಯಾರಾದರೂ ಇದ್ದರೆ. ಮಳೆಗಾಲದಲ್ಲಿ ಬಯಲಂಚಿನಲ್ಲೇ ನಿಂತು, ಎಲೆಗಳ ಆಚೆ ಕೂಗುವ ಹಕ್ಕಿಗಳನ್ನು ಕೇಳಿಸಿಕೊಳ್ಳುತ್ತೇನೆ. ಕೂಗುತ್ತಿರುವಷ್ಟು ಹೊತ್ತು ನಿಲ್ಲುತ್ತೇನೆ.