ಕೆಳಗಿಳಿಯುವ ಗೆರೆ

ಕಕ್ಕೇರಾದ ಅಂಗನವಾಡಿಯಲ್ಲಿ ಗುರುದೇವಿ ಮಕ್ಕಳನ್ನು ತೂಗುತ್ತಲೇ ಅರ್ಧ ಆಯುಷ್ಯ ಸವೆಸಿದವಳು. ತಿಂಗಳಿಗೊಮ್ಮೆ ಕೂಸಿನ ತೂಕ ನೋಡಬೇಕು, ಬೆಳವಣಿಗೆ ನಕ್ಷೆಯಲ್ಲಿ ಚುಕ್ಕಿ ಇಡಬೇಕು, ಹಿಂದಿನ ಚುಕ್ಕಿಗೆ ಗೆರೆ ಕೂಡಿಸಬೇಕು. ಗೆರೆ ಮೇಲೇರಿದರೆ ಕೂಸು ಸುಖವಾಗಿದೆ. ಇಳಿದರೆ ಅವಳು ಕೈಲಿದ್ದ ಕೆಲಸ ಬಿಟ್ಟು ಆ ಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಇದಕ್ಕೆಲ್ಲ ಯಾರೂ ಭೇಷ್ ಅಂದವರಿಲ್ಲ, ಅನ್ನಲಿ ಎಂದು ಅವಳೂ ಕಾದವಳಲ್ಲ. ದಣಿವು ಮಾತ್ರ ಎಲುಬಿಗಿಳಿದಿತ್ತು.

ಸೂಪರ್‌ವೈಸರ್ ಹುದ್ದೆಯ ಪರೀಕ್ಷೆಗೆ ಅವಳ ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಇದು ತಪ್ಪಿದರೆ ನೋಯುವ ಮೊಣಕಾಲು ಹಿಡಿದುಕೊಂಡು ನಿವೃತ್ತಿಯವರೆಗೆ ಇದೇ ಕೋಣೆ. ಹೀಗಾಗಿ ಭಾನುವಾರ ಬಂತೆಂದರೆ ಬಸ್ಸಿನಲ್ಲಿ ಜೋತುಬಿದ್ದು ಶಹಾಪುರದ ಕೋಚಿಂಗಿಗೆ ಹೋಗುತ್ತಿದ್ದಳು. ಕೋಷ್ಟಕ ಕೊಟ್ಟರೆ ಹೇಗೋ ಬಿಡಿಸುತ್ತಿದ್ದಳು. ಮುಗ್ಗರಿಸುತ್ತಿದ್ದುದು ಗೆರೆಯ ನಕ್ಷೆಯಲ್ಲಿ, ಅದೂ ವರ್ಷಗಟ್ಟಲೆ ಗೆರೆ ಎಳೆದವಳು! ಶಿಶುಮರಣ ವರ್ಷದಿಂದ ವರ್ಷಕ್ಕೆ ಇಳಿದ ನಕ್ಷೆ ಕಂಡರೆ ‘ಪರಿಸ್ಥಿತಿ ಹದಗೆಟ್ಟಿದೆ’ ಎಂಬುದಕ್ಕೇ ಗುರುತು ಹಾಕಿ ಕೂಡುತ್ತಿದ್ದಳು.

“ಮೇಡಂ, ಇಲ್ಲಿ ಇಳಿದದ್ದು ಸಾವು. ಛಲೋ ಆತಲ್ರಿ,” ಎಂದು ಪಾಠ ಹೇಳುವ ಪ್ರವೀಣಕುಮಾರ ನಕ್ಕ.

“ಗೊತ್ತದರಿ ಸರ್. ಗೆರಿ ಇಳೀತಂದ್ರ ನನ್ನ ಎದಿ ಧಸಕ್ ಅಂತದ. ಓದಾಕ ಪುರಸೊತ್ತೇ ಕೊಡಂಗಿಲ್ಲ.”

“ಎದಿ ಬಾಜೂಕ ಇಡ್ರಿ. ಮೊದಲ ನಕ್ಷಿ ಪಕ್ಕದಾಗ ಏನ್ ಬರದಾರ ಅದನ್ನ ಓದ್ರಿ. ಗೆರಿ ಆಮ್ಯಾಲೆ ನೋಡ್ರಿ.”

ಎದೆಯನ್ನು ಬದಿಗಿಡುವುದನ್ನು ಅವಳು ಕಲಿತಳು. ಮಕ್ಕಳು ಮನೆಗೆ ಹೋದ ಮೇಲೆ ಅನ್ನದ ಪಾತ್ರೆ ತೊಳೆದು, ತೂಕಡಿಸುತ್ತಲೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದಳು. ಮೊದಲು ಪಕ್ಕದ ಬರಹ, ಆಮೇಲೆ ಗೆರೆ. ಯಾದಗಿರಿಯಲ್ಲಿ ಪರೀಕ್ಷೆ ಬರೆಯುವಾಗ ಇಳಿಯುವ ಗೆರೆ ಮತ್ತೆ ಎದುರಾಯಿತು. ಎದೆ ಮಿಸುಕಲಿಲ್ಲ. ಪಕ್ಕದ ಬರಹ ಓದಿ, ಉತ್ತರ ಗುರುತಿಸಿ ಮುಂದೆ ಹೋದಳು. ಹೊರಗೆ ಬಂದಾಗ ಸಂತೋಷಪಡುವಷ್ಟೂ ತ್ರಾಣ ಉಳಿದಿರಲಿಲ್ಲ.

ಮರುದಿನ ತಿಮ್ಮವ್ವ ಎಂಬ ಮುದುಕಿ ಮೊಮ್ಮಗಳನ್ನು ತೂಗಿಸಲು ತಂದಳು. ಗುರುದೇವಿ ಚುಕ್ಕಿ ಇಟ್ಟು ಗೆರೆ ಕೂಡಿಸಿದಳು. ಗೆರೆ ಕೆಳಗಿಳಿಯಿತು. ಎದೆ ಧಸಕ್ ಅನ್ನಲಿಲ್ಲ. ಅವಳ ಕಣ್ಣು ನಕ್ಷೆಯ ಪಕ್ಕಕ್ಕೆ ಹೋಗಿ ‘ತೂಕ’ ಎಂದು ಓದಿತು. ತೂಕ ಇಳಿದಿದೆ, ಹಾಗಾದರೆ ಇದು ಒಳ್ಳೆಯದಲ್ಲ ಎಂಬುದು ಆಮೇಲೆ, ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ ಹೊಳೆಯಿತು. ಅಷ್ಟು ಹೊತ್ತೂ ಕೂಸು ಎದುರಿಗೇ, ಅಳುವ ಶಕ್ತಿಯಿಲ್ಲದೆ ಮಲಗಿತ್ತು.

“ಎಷ್ಟ್ ಬಂತ್ರಿ ಟೀಚರ್?” ಎಂದಳು ತಿಮ್ಮವ್ವ.

ಪರೀಕ್ಷೆಯಲ್ಲಿ ತಾನು ಪಾಸಾಗುತ್ತೇನೆಂದು ಗುರುದೇವಿಗೆ ಆಗ ಖಾತ್ರಿಯಾಯಿತು. ಅವಳಿಗೆ ಅಳು ಬಂತು. ನಕ್ಷೆಯನ್ನು ಮಗುಚಿಟ್ಟು ಕೂಸನ್ನು ಎತ್ತಿಕೊಂಡಳು. ತೀರಾ ಹಗುರಾಗಿತ್ತು.

“ನಡೀ ಯವ್ವ, ದವಾಖಾನಿಗಿ ಹೋಗೂಣು,” ಎಂದಳು.