ಫಕ್ಕೀರಪ್ಪ ಪಾಸಾದ ಪರೀಕ್ಷೆ

ಆ ಮಾತನ್ನು ಫಕ್ಕೀರಪ್ಪ ನಗುತ್ತ ಹೇಳಿದನೋ, ನಗುವನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ? ಹಲವರಿಗೆ ಹೇಳಿರುವ ಪ್ರಸಂಗ ಇದು. ಹೇಳಿದಷ್ಟೂ ನುಣುಪಾಗಿದೆ, ಅದಕ್ಕೇ ನನಗೆ ಇದರ ಮೇಲೆ ನಂಬಿಕೆ ಕಡಿಮೆಯಾಗಿದೆ. ನಗು ಇತ್ತೋ ಇಲ್ಲವೋ, ಮಾತು ಮಾತ್ರ ಇದೇ: "ಪಾಸಾದವರಿಗಷ್ಟ ಆಪರೇಷನ್ ಮಾಡ್ತಾರ ಅಂತ ತಿಳದಿದ್ನಿ ನೋಡ್ರಿ ಸರ."

ಲಾಕ್‌ಡೌನ್‌ಗಳು ಮುಗಿದು ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಮತ್ತೆ ತುಂಬಿಕೊಂಡ ಕಾಲ ಅದು. ನಾನು ರಾಣೆಬೆನ್ನೂರಿನಲ್ಲಿ ನರರೋಗಗಳ ಕ್ಲಿನಿಕ್ ನಡೆಸುತ್ತಿದ್ದೆ. ಫಕ್ಕೀರಪ್ಪ ಬ್ಯಾಡಗಿಯಲ್ಲಿ ಒಬ್ಬ ಖರೀದಿದಾರರ ಪರವಾಗಿ ಮಾಲು ನೋಡುವವನು. ಟೆಂಡರ್ ದಿನ ದಲಾಲಿ ಅಂಗಡಿಗಳ ಮುಂದೆ ರೈತರ ಚೀಲಗಳು ಲಾಟ್ ಲಾಟಾಗಿ, ಅಂದರೆ ಒಬ್ಬೊಬ್ಬರ ಮಾಲು ಒಂದೊಂದು ಗುಂಪಾಗಿ, ನಿಂತಿರುತ್ತವೆ. ಆತ ಒಂದೊಂದರಲ್ಲೂ ಕೈ ಹಾಕಿ, ಹಿಡಿಯಷ್ಟು ಕಾಯಿ ಹಿಂಡಿ, ಮೂಗಿಗೆ ಹಿಡಿದು, ತೇವ ಮತ್ತು ಬಣ್ಣ ನೋಡಿ ಮನಸ್ಸಿನಲ್ಲೇ ದರ ಕಟ್ಟುತ್ತಿದ್ದ. ಸುತ್ತು ಮುಗಿದ ಮೇಲೆ ಯಾವ ಅಂಗಡಿಯ ಯಾವ ಲಾಟಿಗೆ ಎಷ್ಟು ಎಂದು ತನ್ನ ಸಾವಕಾರರಿಗೆ, ಅಂದರೆ ಆ ಖರೀದಿದಾರರಿಗೆ, ಒಪ್ಪಿಸುತ್ತಿದ್ದ. ಅವರು ಅದನ್ನು ಟೆಂಡರಿನ ದರವಾಗಿ ಕಂಪ್ಯೂಟರಿಗೆ ಹಾಕುತ್ತಿದ್ದರು. ಇದೇ ಕೆಲಸದ ಉಳಿದವರು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಚೀಟಿ ಇದ್ದರೆ ಬೇರೆ ಖರೀದಿದಾರರ ಕಡೆಯವರು ಇಣುಕಿ ನೋಡುತ್ತಾರೆಂದು ಈತ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ.

ಅದೇ ತಲೆಯಲ್ಲಿ ರೋಗ. ಮೊದಲು ಹೊಟ್ಟೆಯಿಂದ ಏನೋ ಮೇಲೆದ್ದು ಬಂದಂತೆ. ಆಮೇಲೆ ಕಣ್ಣು ನೆಟ್ಟು ನಿಲ್ಲುವುದು, ತುಟಿ ಚಪ್ಪರಿಸುವುದು, ಕೈ ಅಂಗಿಯನ್ನು ತಡಕುವುದು. ಕೆಲವು ಸಲ ನಿಂತಲ್ಲೇ ಬೀಳುತ್ತಿದ್ದ. ಎರಡು ತಕ್ಕ ಔಷಧಿಗಳನ್ನು ಸರಿಯಾಗಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕು ಎಂಬುದು ನಮ್ಮ ವೃತ್ತಿಯ ನಿಯಮ. ಈತನಿಗೆ ನಿಂತಿರಲಿಲ್ಲ. ಎಮ್‌ಆರ್‌ಐ ಮಾಡಿಸಿದಾಗ ಎಡಗಡೆಯ ಹಿಪೊಕ್ಯಾಂಪಸ್, ಅಂದರೆ ಮಿದುಳಿನಲ್ಲಿ ನೆನಪು ಕಟ್ಟುವ ಸಣ್ಣ ಭಾಗ, ಮುದುಡಿ ಗಾಯದ ಕಲೆಯಂತಾಗಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ, ಫಿಟ್ಸ್ ಬರುವಾಗ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ವಿಡಿಯೊ ಇಇಜಿ ಮಾಡಿದರು. ಫಿಟ್ಸ್ ಹುಟ್ಟುತ್ತಿದ್ದುದು ಅಲ್ಲಿಂದಲೇ. ಅದನ್ನು ತೆಗೆದರೆ ನಿಲ್ಲುವ ಸಾಧ್ಯತೆ ಚೆನ್ನಾಗಿತ್ತು.

ಉಳಿದದ್ದು ನೆನಪಿನ ಪರೀಕ್ಷೆ. ಮನಶ್ಶಾಸ್ತ್ರಜ್ಞರು ಶಬ್ದಗಳ ಸರಣಿ ಓದುತ್ತಾರೆ, ರೋಗಿ ಸ್ವಲ್ಪ ಹೊತ್ತಿನ ನಂತರ ತಿರುಗಿ ಹೇಳಬೇಕು. ಶಬ್ದಗಳ ನೆನಪು ಹೆಚ್ಚಾಗಿ ಎಡಭಾಗದ್ದು. ಆ ಭಾಗ ಆಗಲೇ ಸೋತಿದ್ದರೆ ತೆಗೆಯುವುದರಿಂದ ನಷ್ಟ ಕಡಿಮೆ. ಇನ್ನೂ ದುಡಿಯುತ್ತಿದ್ದರೆ ನಷ್ಟ ಹೆಚ್ಚು. ಹಾಗಾಗಿ ಇಲ್ಲಿ ಒಳ್ಳೆಯ ಅಂಕ ಬಂದರೆ ಅದು ಎಚ್ಚರಿಕೆಯ ಗಂಟೆ. ಫಕ್ಕೀರಪ್ಪನಿಗೆ ತುಂಬ ಒಳ್ಳೆಯ ಅಂಕ ಬಂದಿತ್ತು.

ವರದಿ ಹಿಡಿದು ಗಂಡಹೆಂಡತಿ ನನ್ನ ಕ್ಲಿನಿಕ್‌ಗೆ ಬಂದರು.

"ಫಸ್ಟ್ ಕ್ಲಾಸ್ ಬಂದೇನಿಲ್ರಿ ಸರ?" ಎಂದು ಆತ ಕೇಳಿದ.

"ಟ್ರೇನಿನ್ಯಾಗ ಹಾದಿ ತುಂಬ ಮಗ್ಗಿ ಹೇಳಿಸಿದಂಗ ಶಬ್ದ ಹೇಳಿಸೀನ್ರಿ ನಾ," ಎಂದಳು ಹೆಂಡತಿ ಶಾಂತವ್ವ. "ಫಸ್ಟ್ ಕ್ಲಾಸ್ ನನಗ ಕೊಡ್ರಿ."

ಅಂಕದ ಅರ್ಥ ವಿವರಿಸಿದೆ. ಆಗಲೇ ಆತ ಪಾಸಾಗುವ ಮಾತು ಆಡಿದ್ದು. ಆಮೇಲೆ ಕೇಳಿದ, "ಅಂದ್ರ ಲಾಟ್ ಮರೀತೀನೇನ್ರಿ?"

"ಮರೀಬಹುದು. ಹೆಸರು ಲಗೂ ನೆನಪಿಗೆ ಬರದಿರಬಹುದು. ಇಷ್ಟ ಆಗತೈತಿ ಅಂತ ಹೇಳಾಕ ಬರೂದಿಲ್ಲ."

"ಅವರು ಒಂದೊಂದ ಶಬ್ದ ಹೇಳಿದಂಗ ನಾ ಒಂದೊಂದ ಅಂಗಡಿ ಮುಂದ ಇಟಗೋತ ಹೋದ್ನಿರಿ. ಮೊದಲನೇ ಅಂಗಡಿಗೆ ಕುದರಿ ಕಟ್ಟಿದ್ನಿ, ಅದರ ಬಾಜೂಕ ಕೊಡ. ಕೇಳಿದಾಗ ತಿರುಗಿ ಒಂದ ಸುತ್ತ ಹೊಡದ್ನಿ. ಎಲ್ಲಾ ಇದ್ದಲ್ಲೇ ಇದ್ದೂ."

ಕೂಡಲೇ ಬೆಂಗಳೂರಿಗೆ ಫೋನ್ ಮಾಡಿದೆ. ಪರೀಕ್ಷೆ ಮಾಡಿದ ಮನಶ್ಶಾಸ್ತ್ರಜ್ಞೆ ಗಂಭೀರವಾಗಿ ಕೇಳಿಸಿಕೊಂಡರು. ಜಾಗ ನೆನೆದು ಶಬ್ದ ಹಿಡಿಯುವವನಿಗೆ ಬಲಭಾಗವೂ ನೆರವಾಗಿರಬಹುದು. ಈ ಅಂಕ ಎಡಭಾಗದ್ದೇ ಎಂದು ಹೇಳಲಾಗದು, ಹಾಗಿದ್ದರೆ ಆಪರೇಷನ್ನಿನ ನಷ್ಟ ನಾವು ಹೆದರಿದಷ್ಟು ಇರಲಿಕ್ಕಿಲ್ಲ. ಬೇರೆ ಶಬ್ದಗಳಿಂದ ಮತ್ತೊಮ್ಮೆ ನೋಡೋಣ, ಬರಲಿ ಎಂದರು.

"ಬ್ಯಾರೆ ಶಬ್ದ ಕೊಟ್ರೂ ನನ್ನ ಪ್ಯಾಟಿ ಅದೇ ಐತಲ್ರಿ," ಎಂದ ಫಕ್ಕೀರಪ್ಪ.

ಶಾಂತವ್ವ ನನ್ನತ್ತ ನೋಡದೆ ಗಂಡನಿಗೇ ಹೇಳಿದಳು: "ಲಾಟ್ ಮರತ್ರ ಇನ್ನೊಂದ ಕೆಲಸ ನೋಡೂಣು. ಲಾರಿ ಮುಂದ ಬಿದ್ರ ಏನ್ ನೋಡೂಣ್ರಿ?"

"ಲಾಟ್ ಮರತ್ರ ಪ್ಯಾಟ್ಯಾಗ ನಾ ಯಾರು?"

"ನನ್ನ ಗಂಡ."

ಆಕೆ ಇಷ್ಟು ಚುಟುಕಾಗಿ ಹೇಳಿದ್ದಳೇ? ನನ್ನ ನೆನಪಿನಲ್ಲಿ ಹಾಗಿದೆ. ಆತ ವರದಿಯನ್ನು ಮಡಚಿಕೊಂಡ. "ಈ ಹಂಗಾಮ ಮುಗೀಲ್ರಿ ಸರ, ನೋಡೂಣು," ಎಂದು ಎದ್ದ. ಆಪರೇಷನ್, ಕಾಯುವುದು, ಎರಡೂ ದಾರಿಗಳಿಗೆ ಕಾರಣವಿದೆ, ನಿರ್ಧಾರ ನಿಮ್ಮದು ಎಂದೆ ನಾನು. ಹಂಗಾಮು ಮುಗಿಯಿತು. ಮುಂದಿನ ಹಂಗಾಮು ಶುರುವಾಯಿತು. ಪ್ರತಿ ಭೇಟಿಯಲ್ಲೂ ಮಾತು ಎತ್ತುತ್ತಿದ್ದೆ, ಆತ ಮುಂದೂಡುತ್ತಿದ್ದ, ಮರುಪರೀಕ್ಷೆಗೂ ಹೋಗಲಿಲ್ಲ. ಶಾಂತವ್ವ ಕೇಳುವುದನ್ನೇ ಬಿಟ್ಟಳು.

ಒಂದು ಟೆಂಡರ್ ದಿನ ಚೀಲಗಳ ನಡುವೆ ಬಿದ್ದವನಿಗೆ ಫಿಟ್ಸ್ ನಿಲ್ಲಲೇ ಇಲ್ಲ. ಒಂದು ಮುಗಿದು ಎಚ್ಚರ ಬರುವ ಮೊದಲೇ ಇನ್ನೊಂದು. ಇದನ್ನು ಸ್ಟೇಟಸ್ ಎಪಿಲೆಪ್ಟಿಕಸ್ ಎನ್ನುತ್ತೇವೆ; ಜೀವಕ್ಕೂ ಮಿದುಳಿಗೂ ಅಪಾಯ. ಹಾವೇರಿಗೆ ಒಯ್ದರು. ವೆಂಟಿಲೇಟರ್ ಮೇಲಿದ್ದು ಬದುಕಿದ.

ಮನೆಗೆ ಬಂದ ಮೇಲೆ ನಷ್ಟ ಗೊತ್ತಾಯಿತು. ಕಾಯಿ ಹಿಂಡಿದರೆ ಬೆರಳಿಗೆ ಇನ್ನೂ ತೇವ ತಿಳಿಯುತ್ತಿತ್ತು, ದರವನ್ನೂ ಸರಿಯಾಗಿ ಹೇಳುತ್ತಿದ್ದ. ಆದರೆ ಮೂರನೇ ಲಾಟಿಗೆ ಹೋಗುವಷ್ಟರಲ್ಲಿ ಮೊದಲನೆಯದು ಮರೆತುಹೋಗಿರುತ್ತಿತ್ತು. ಸಾವಕಾರರು ಒಳ್ಳೆಯವರು. ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಇಳಿಸುವ ಕಡೆ ನಿಲ್ಲಲು ಹೇಳಿದರು.

ಬೆಂಗಳೂರಿನಲ್ಲಿ ಮತ್ತೆ ಪರೀಕ್ಷೆಯಾಯಿತು. ಅಂಕ ತೀರಾ ಕೆಳಗಿತ್ತು. ಈಗ ಆಪರೇಷನ್‌ನಿಂದ ನೆನಪಿಗಾಗುವ ಹೆಚ್ಚಿನ ನಷ್ಟ ಅಲ್ಪ, ಮಾಡಿಸಬಹುದು ಎಂದು ತಂಡ ಬರೆಯಿತು. ಅದನ್ನು ನಾನು ಶಾಂತವ್ವನಿಗೆ ಓದಿ ಹೇಳಿದೆ.

"ಕಳಕೊಳ್ಳಾಕ ಏನೂ ಉಳದಿಲ್ಲ, ಅದಕ್ಕ ಈಗ ಮಾಡಬಹುದು ಅಂತೀರೇನ್ರಿ?"

ಹೌದು ಎಂದೆ.

ಆಪರೇಷನ್ ಆಯಿತು. ಆ ನಂತರ ಫಿಟ್ಸ್ ಬಂದಿಲ್ಲ. ಆತ ಒಬ್ಬನೇ ರಸ್ತೆ ದಾಟುತ್ತಾನೆ, ಒಲೆಯ ಮುಂದೆ ಕೂತರೆ ಮನೆಯವರು ಹೆದರುವುದಿಲ್ಲ. ನಮ್ಮ ಲೆಕ್ಕದಲ್ಲಿ ಇದು ಯಶಸ್ಸು.

ಚಾಕು ಏನನ್ನು ಕಸಿಯಬಹುದೆಂದು ನಾವು ವೈದ್ಯರು ಬಿಡಿಸಿ ಬಿಡಿಸಿ ಹೇಳುತ್ತೇವೆ. ಕಾಯುವುದು ಏನನ್ನು ಕಸಿಯುತ್ತದೆಂದು ಅಷ್ಟು ಬಿಡಿಸಿ ಹೇಳುವ ರೂಢಿ ನಮ್ಮಲ್ಲಿಲ್ಲ. ಕಾಯುವುದಕ್ಕೆ ಸಹಿ ಹಾಕಿಸಿಕೊಳ್ಳುವ ಕಾಗದವೂ ಇಲ್ಲ. ಈ ವೃತ್ತಿ ನನಗೆ ತಡವಾಗಿ ಕಲಿಸಿದ್ದು ಇದನ್ನೇ.

ಕಳೆದ ಸಲ ಶಾಂತವ್ವ ಬಾಗಿಲ ಹತ್ತಿರ ನಿಂತು ಕೇಳಿದಳು: "ಅವಾಗ ಮಾಡಿಸಿದ್ರ ಇವರಿಗೆ ಲಾಟ್ ನೆನಪ ಇರತಿದ್ವೇನ್ರಿ?"

ಇರುತ್ತಿದ್ದವೋ, ಆ ಚಾಕುವಿಗೇ ಹೋಗುತ್ತಿದ್ದವೋ. ಮೊದಲ ಪರೀಕ್ಷೆಯಲ್ಲಿ ಆ ಶಬ್ದಗಳನ್ನು ಹಿಡಿದಿಟ್ಟದ್ದು ಮಿದುಳಿನ ಯಾವ ಭಾಗ ಎಂಬುದನ್ನು ಈಗ ಯಾವ ಯಂತ್ರವೂ ತೋರಿಸಲಾರದು. ಗೊತ್ತಿಲ್ಲವ್ವ ಎಂದೆ. ನನಗೆ ಗೊತ್ತಿಲ್ಲ.