ಶನಿವಾರದ ಎಂಜಿನ್ ಎಣ್ಣೆ

ಗೆಳೆಯರೇ, ನಮ್ಮ ಹೊಸ ಲಾರಿ ನಿನ್ನೆ ಐನೂರು ಮೈಲಿ ಮುಟ್ಟಿತು. ಹೊಸ ಎಂಜಿನ್ನಿನ ಮೊದಲ ಎಣ್ಣೆ ಬದಲಿಸಲು ಇದೇ ಸಮಯವೆಂದು ಮಿಸ್ತ್ರಿ ಮೌಲಾಸಾಬ ಇವತ್ತು ಬೆಳಿಗ್ಗೆಯೇ ಅಂಗಳಕ್ಕೆ ಬಂದ. ಆಮೇಲೆ ಸುಳ್ಳ ಎಂಬ ಊರಿಗೆ ಹೋಗಿ ಹತ್ತಿ ತರಬೇಕಿತ್ತು. ನಾನು ಅಂಗಡಿಯಿಂದ ಎಣ್ಣೆ ಡಬ್ಬಿ ತರಲು ಹೊರಟರೆ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತ ಶನಿವಾರ. ಎಣ್ಣಿ ಮನಿಗೆ ತರಬಾರದು."

"ಅವ್ವಾ, ಇದು ಒಗ್ಗರಣಿ ಎಣ್ಣಿ ಅಲ್ಲ!"

"ಶನಿದೇವ್ರು ಡಬ್ಬಿ ಮ್ಯಾಲಿನ ಚೀಟಿ ಓದ್ತಾನೇನು?"

ಮೌಲಾಸಾಬ ನಡುವೆ ಬಾಯಿ ಹಾಕಿದ. "ಹಳೇ ಎಣ್ಣ್ಯಾಗ ಕಬ್ಬಿಣದ ಪುಡಿ ಇರತೈತ್ರಿ ಅವ್ವಾರ. ಹಂಗ ಓಡಿಸಿದ್ರ ಎಂಜಿನ್ ಸವದು ಹೋಗತೈತಿ."

"ಹಂಗಾರ ಹಳೇದು ಇವತ್ತ ತಗದು ಹಾಕಪಾ. ಶನಿವಾರ ಎಣ್ಣಿ ಹೊರಗ ಹೋದ್ರ ಛಲೋನ. ಹೊಸಾದು ನಾಳೆ ತಂದ್ರಾತು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬೋಲ್ಟು ಬಿಚ್ಚಿಯೇಬಿಟ್ಟ. ಎಣ್ಣೆಯೆಲ್ಲ ಕಬ್ಬಿಣದ ಬುಟ್ಟಿಗಿಳಿಯಿತು. ಲಾರಿ ನಿಂತಲ್ಲೇ ನಿಂತಿತು.

ಹತ್ತಿ ಸಂಜೆ ಎತ್ತಿನ ಗಾಡಿಯಲ್ಲಿ ಬಂತು. 'ಇನ್ನು ಗಾಡಿಗಳ ಕಾಲ ಮುಗಿಯಿತು' ಎಂದು ಮೊನ್ನೆ ಯಾರ ಮುಂದೆ ಜಂಬ ಕೊಚ್ಚಿದ್ದೆನೋ, ಅದೇ ನಿಂಗಪ್ಪನ ಗಾಡಿ. ಅವನು ಗಾಲಿಗೆ ಹಚ್ಚುವ ಕೀಲೆಣ್ಣೆಯನ್ನು ಶುಕ್ರವಾರವೇ ತಂದಿಟ್ಟುಕೊಂಡಿದ್ದನಂತೆ.